ಹೊಳೆಗೆ ಫೋನ್ ಮಾಡುತ್ತಿದ್ದ ಕಾಲ

ಪಂಚಾಯಿತಿ ಕಚೇರಿ ಹತ್ತಿರ ಸೋಲಾರ್ ಪ್ಲೇಟು ಹೊತ್ತು ನಿಂತ ಮಳೆಮಾಪಕವನ್ನು ನೀವು ನೋಡಿರುತ್ತೀರಿ. ಅದರ ಡಬ್ಬಿಯೊಳಗೆ ನಮ್ಮ ಫೋನಿನಲ್ಲಿ ಇರುವಂಥದ್ದೇ ಒಂದು ಸಿಮ್ ಇರುತ್ತದೆ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಕಟ್ಟಿದವರಿಗೆ ಪರಿಹಾರ ಸಿಗುವುದೂ ಸಿಗದಿರುವುದೂ ಅದು ಕಳಿಸುವ ಅಂಕಿಯ ಮೇಲೆ. ಹಾಗಾಗಿ ಈ ಡಬ್ಬಿಯ ಪೂರ್ವಜರ ಕಥೆ ನಮಗೂ ಸಂಬಂಧಿಸಿದ್ದೇ.

ಅಮೆರಿಕದಲ್ಲಿ ಹೊಳೆಯ ನೀರಿನ ಮಟ್ಟ ಅಳೆಯುವವರ ಬಳಿ ಟೆಲಿಮಾರ್ಕ್ ಎಂಬ ಯಂತ್ರವಿತ್ತು. ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ, ಮೋಡೆಮ್ಮೂ ಬೇಕಿರಲಿಲ್ಲ. ಕಚೇರಿಯಿಂದ ಫೋನ್ ಮಾಡಿದರೆ ಹೊಳೆ ದಂಡೆಯ ಯಂತ್ರವೇ ಉತ್ತರಿಸುತ್ತಿತ್ತು. ನಾಲ್ಕು ಸದ್ದು, ಸ್ವಲ್ಪ ಬಿಡುವು, ಮೂರು ಸದ್ದು, ಮತ್ತೆ ಬಿಡುವು, ಐದು ಸದ್ದು ಕೇಳಿದರೆ ನೀರು 4.35 ಅಡಿ ಇದೆ ಎಂದರ್ಥ. ಎಣಿಸಿ ಪುಸ್ತಕಕ್ಕೆ ಬರೆದುಕೊಂಡರೆ ಆಯಿತು. ಆದರೆ ಈಗಿನ ಮಟ್ಟ ಬಿಟ್ಟರೆ ನಿನ್ನೆ ರಾತ್ರಿ ಎಷ್ಟು ಏರಿತ್ತು ಎಂದು ಅದು ಹೇಳುತ್ತಿರಲಿಲ್ಲ.

ಆ ಕೊರತೆ ನೀಗಿಸಿದ್ದು ಡೇಟಾ ಲಾಗರ್ ಮತ್ತು ಮೋಡೆಮ್ ಜೋಡಿ. ಲಾಗರ್ ಅಂಕಿಗಳನ್ನು ನೆನಪಿಟ್ಟುಕೊಳ್ಳುತ್ತದೆ, ಮೋಡೆಮ್ ಅವನ್ನು ಫೋನ್ ತಂತಿಯಲ್ಲಿ ಸಾಗುವ ಸದ್ದಾಗಿ ಬದಲಿಸುತ್ತದೆ. 1962ರ ಬೆಲ್ 103 ಮೋಡೆಮ್ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ ಕಳಿಸುತ್ತಿತ್ತು. ನಮ್ಮ ವಾಟ್ಸಾಪ್ ಫೋಟೋಗೆ ಆ ವೇಗ ಏನೇನೂ ಸಾಲದು. ಆದರೆ ಗಂಟೆಗೆ 20 ಅಕ್ಷರದ ಒಂದು ಸಾಲು ಎಂದಿಟ್ಟುಕೊಂಡರೆ ಇಡೀ ದಿನದ ಲೆಕ್ಕ 16 ಸೆಕೆಂಡಿನಲ್ಲಿ ಮುಗಿಯುತ್ತಿತ್ತು! 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಲ್ಲಿ ಎಷ್ಟನೇ ರಿಂಗಿಗೆ ಉತ್ತರಿಸಬೇಕು ಎಂಬುದನ್ನೂ ಮೊದಲೇ ಬರೆದಿಡಬಹುದಿತ್ತು.

ಕಾಡಿನ ನಡುವೆ ಇಂಥದ್ದನ್ನು ಕೂರಿಸುವವರಿಗೆ ತಲೆನೋವಾಗಿದ್ದು ಬ್ಯಾಟರಿ. ಲಾಗರ್ ಉಣ್ಣುವುದು ಕಡಿಮೆ, ಮೋಡೆಮ್ ಹೊಟ್ಟೆಬಾಕ. ಅದಕ್ಕೇ ರಿಂಗ್ ಬಂದಾಗ ಮಾತ್ರ ಎಚ್ಚರವಾಗುವ ಮೋಡೆಮ್ ಹುಡುಕಿದರು. ಮೊಬೈಲ್ ಬಂದ ಮೇಲೆ, ದಿನಕ್ಕೆ ಗೊತ್ತಾದ ಹೊತ್ತಿನಲ್ಲಷ್ಟೇ ಅದಕ್ಕೆ ಕರೆಂಟು ಕೊಡುವ ಉಪಾಯವನ್ನೂ ಮಾಡಿದರು.

ಕರ್ನಾಟಕದಲ್ಲಿ ಬರ ಉಸ್ತುವಾರಿ ಕೋಶ ಶುರುವಾಗಿದ್ದು 1988ರಲ್ಲಿ. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಪಂಚಾಯಿತಿ ಮಟ್ಟಕ್ಕೆ ಮಾಪಕಗಳನ್ನು ತಂದಿತು. ಇಲ್ಲಿ ವ್ಯವಸ್ಥೆ ತಿರುವುಮುರುವು: ಕಚೇರಿ ಯಂತ್ರಕ್ಕೆ ಫೋನ್ ಮಾಡುವುದಿಲ್ಲ, ಯಂತ್ರವೇ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸುತ್ತದೆ.

ಯಂತ್ರ ಪೂರ್ತಿ ಸುಮ್ಮನಾದರೆ ಕಚೇರಿಗೆ ಗೊತ್ತಾಗುತ್ತದೆ. ನಮಗೆ ಹೆದರಿಕೆ ಇರುವುದು ಇನ್ನೊಂದರ ಬಗ್ಗೆ. ಆಲಿಕೆಗೆ ತರಗೆಲೆ ಕಟ್ಟಿಕೊಂಡರೆ ಹೊರಗೆ ಜಡಿಮಳೆ ಸುರಿದರೂ ಒಳಗೆ ಸೊನ್ನೆ. ಆ ಸೊನ್ನೆಯನ್ನೂ ಮೋಡೆಮ್ ಅಷ್ಟೇ ನಿಯತ್ತಿನಿಂದ ಕಳಿಸುತ್ತದೆ. ಮುಂಗಾರಿಗೆ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಒಮ್ಮೆ ಕೇಳಿ, ಆ ಆಲಿಕೆ ಕೊನೆಯ ಸಲ ತೊಳೆದದ್ದು ಯಾವಾಗ ಅಂತ.