ಕರಿಯನ ಕಾಲು, ಬಳ್ಳಾರಿ ಜಾಲಿ

ವಾಚನಾಲಯದ ಹುಡುಗರು ಬಂದು "ತಾತಾ, ಈ ಸಲದ ಪುಸ್ತಕಕ್ಕ ಚರಿತ್ರೆ ಮೇಲೆ ಒಂದು ಲೇಖನ ಬರದು ಕೊಡು" ಅಂತ ಕೇಳಿದರು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಪದ ಹಾಡು ಅಂದರೆ ಬೆಳತನಕ ಹಾಡೇನು, ಬರೆಯುವುದು ಅಂದರೆ ಕೈ ನಡುಗುತ್ತದೆ. ಆದರೂ ಒಪ್ಪಿಕೊಂಡೆ. ಯಾಕಂದರೆ ಹೋದ ವರ್ಷ ನಮ್ಮ ನಾಯಿ ಕುಂಟಿತು. ಅದು ಯಾಕೆ ಕುಂಟಿತು ಅಂತ ಹುಡುಕುತ್ತಾ ಹೋದವನಿಗೆ ನೂರೈವತ್ತು ವರ್ಷದ ಹಿಂದಿನ ಸಂಗತಿ ಸಿಕ್ಕಿತು. ಅದನ್ನೇ ಬರೆದಿದ್ದೇನೆ.

ನಮ್ಮ ನಾಯಿಯ ಹೆಸರು ಕರಿಯ. ಐದು ವರ್ಷದಿಂದ ಹೊಲ ಕಾಯುತ್ತದೆ. ಕಾರ್ತಿಕ ಮಾಸ, ಹತ್ತಿ ಬಿಡಿಸುವ ಕಾಲ. ರಾತ್ರಿ ಹೊಲದಲ್ಲಿ ಮಲಗಿದ್ದೆ. ಮಲಗುವಾಗ ನಾಯಿ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮೂರು ಕಾಲಲ್ಲಿ ನಿಂತಿದೆ. ಮುಂದಿನ ಎಡಗಾಲು ನೆಲಕ್ಕೇ ಊರುವುದಿಲ್ಲ. ರಕ್ತ ಇಲ್ಲ, ಗಾಯ ಕಾಣುವುದಿಲ್ಲ.

ನನ್ನ ಮನಸ್ಸು ಸೀದಾ ಪಕ್ಕದ ಹೊಲದವನ ಕಡೆ ಹೋಯಿತು. ವಾರದ ಹಿಂದೆ ಅವನು "ನಿನ್ನ ನಾಯಿ ನನ್ನ ಕೋಳಿ ಮುಟ್ಟಿದ್ರ ಕಾಲು ಮುರೀತೀನಿ ನೋಡು ಮಾವ" ಅಂದಿದ್ದ. ಹೇಳಿದಂತೆ ಮಾಡಿಬಿಟ್ಟ ಅಂದುಕೊಂಡೆ. ಕಟ್ಟೆಯ ಮುಂದೆ ಹತ್ತು ಜನ ಇದ್ದಾಗ ಅವನಿಗೆ ಬಾಯಿಗೆ ಬಂದಂತೆ ಬೈದೆ. ಅವನು "ನಿನ್ನ ನಾಯಿ ನಾನು ಮುಟ್ಟಿಲ್ಲ ಮಾವ, ದೇವರಾಣಿ" ಅಂದ. ನಾನು ಕೇಳಲಿಲ್ಲ. ಅವನ ಮಗನೇ ನಮ್ಮ ಭಜನೆಯಲ್ಲಿ ತಾಳ ಹಾಕುವವನು. ಆ ಸೋಮವಾರ ಅವನು ಗುಡಿಗೆ ಬರಲಿಲ್ಲ. ತಾಳ ಇಲ್ಲದೆ ಹಾಡಿದೆ. ಹಾಡು ಎದ್ದೇಳಲಿಲ್ಲ.

ಮೂರು ದಿನಕ್ಕೆ ಕಾಲು ಬಾತುಕೊಂಡಿತು. ನಾಯಿ ರೊಟ್ಟಿ ಬಿಟ್ಟಿತು. ಒಬ್ಬರು ಹೇಳಿದರು, "ಕೀಲು ತಪ್ಪೈತಿ, ಬರೆ ಹಾಕು." ಇನ್ನೊಬ್ಬರು, "ಹಳ್ಳದ ಆಚೆ ಬಿಟ್ಟು ಬಾ." ನಾನು ಕುಡುಗೋಲು ಕಾಯಿಸಲಿಕ್ಕೆ ಒಲೆಗೆ ಇಟ್ಟಿದ್ದೂ ಹೌದು. ಆಗ ನಮ್ಮ ಮನೆಯಾಕೆ ಬೈದಳು: "ಬರೆ ಹಾಕೋಕಿಂತ ಮೊದಲು ಕಾಲು ನೋಡ್ರಿ. ಅದಕ್ಕೇನು ಬಾಯಿಲೆ ಹೇಳಾಕ ಬರ್ತೈತೇನು? ಊರ ಮಂದೀನ ಕೇಳಿದ್ರಿ, ನಾಯೀನ ಕೇಳಿಲ್ಲ."

ಆ ಮಾತು ನನಗೆ ಚುಚ್ಚಿತು. ಕುಡುಗೋಲು ತೆಗೆದಿಟ್ಟೆ. ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚುತ್ತದೆ, ಅದಕ್ಕೆ ಮೆತ್ತನೆ ಬಟ್ಟೆಯಿಂದ ಬಾಯಿ ಕಟ್ಟಿದೆವು. ಆಕೆ ತಲೆ ಹಿಡಿದಳು. ನಾನು ಮೊದಲು ಭುಜ ಮುಟ್ಟಿದೆ, ಸುಮ್ಮನಿತ್ತು. ಮೊಣಕಾಲು ಮಡಚಿದೆ, ಸುಮ್ಮನಿತ್ತು. ಎಲುಬು ಸವರಿದೆ, ಮುರಿದಿರಲಿಲ್ಲ. ಉಗುರು ಒಂದೊಂದಾಗಿ ನೋಡಿದೆ. ಬೆರಳ ಸಂದಿಯಲ್ಲಿ ಉಣ್ಣೆ ಕಚ್ಚಿದೆಯೇನೋ ಅಂತ ನೋಡಿದೆ. ಕೊನೆಗೆ ಅಂಗಾಲಿನ ದೊಡ್ಡ ಗದ್ದುಗೆಯ ಪಕ್ಕ ಹೆಬ್ಬೆರಳು ಇಟ್ಟೆನೋ ಇಲ್ಲವೋ, ಕರಿಯ ಕುಂಯ್ ಅಂತ ಕಾಲು ಕಿತ್ತುಕೊಂಡಿತು. ಅಲ್ಲಿ ಬಿಸಿ ಇತ್ತು. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕಾಲು ನೆನೆಸಿ ಒರೆಸಿದ ಮೇಲೆ ಸಾಸಿವೆಯಷ್ಟು ಕರಿ ಚುಕ್ಕಿ ಕಂಡಿತು. ಚಿಮಟದಿಂದ ಹಿಡಿದು ಎಳೆದರೆ, ಮುರಿದ ಮುಳ್ಳು! ಅರ್ಧ ಇಂಚು ಇತ್ತು. ಹಿಂದೆಯೇ ಕೀವು ಬಂತು.

ಮರುದಿನ ಪಶುವೈದ್ಯರ ಹತ್ತಿರ ಕರೆದೊಯ್ದೆ. ಅವರು ಗಾಯ ತೊಳೆದು ಸೂಜಿ ಹಾಕಿದರು. ಒಂದು ಮಾತು ಹೇಳಿದರು, ಅದನ್ನು ಎಲ್ಲರೂ ನೆನಪಿಡಬೇಕು: ಮನುಷ್ಯರ ನೋವಿನ ಗುಳಿಗೆ ನಾಯಿಗೆ ಕೊಡಬಾರದು, ಅದು ನಾಯಿಗೆ ವಿಷ ಆಗಬಹುದು. ನಾನು ಹಿಂದಿನ ದಿನ ಕೊಡಬೇಕು ಅಂತ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ನಾಲ್ಕನೆಯ ದಿನಕ್ಕೆ ಕರಿಯ ನಾಲ್ಕೂ ಕಾಲು ಊರಿತು.

ಆ ಮುಳ್ಳು ಎಲ್ಲಿಯದು? ಬೇರೆ ಎಲ್ಲಿಯದೂ ಅಲ್ಲ, ನನ್ನ ಬೇಲಿಯದು. ಹಂದಿ ಬರಬಾರದು ಅಂತ ನಾನೇ ಹಳ್ಳದಿಂದ ಬಳ್ಳಾರಿ ಜಾಲಿ ಕಡಿದು ತಂದು ಹತ್ತಿ ಹೊಲದ ಸುತ್ತ ಒಡ್ಡಿದ್ದೆ. ನಾನು ಒಡ್ಡಿದ ಮುಳ್ಳಿಗೆ ನೆರೆಯವನು ಬೈಗುಳ ತಿಂದ.

ಇನ್ನು ಈ ಜಾಲಿ ಬಂದದ್ದು ಎಲ್ಲಿಂದ? ನಮ್ಮಪ್ಪ ಅದನ್ನು ಸರಕಾರಿ ಜಾಲಿ ಅನ್ನುತ್ತಿದ್ದ. ತೆಲುಗರು ಸರ್ಕಾರು ತುಮ್ಮ ಅನ್ನುತ್ತಾರೆ. ಕೊಳ್ಳೇಗಾಲದ ಕಡೆಯವರು ಕೂಡ ಬಳ್ಳಾರಿ ಜಾಲಿ ಅಂದೇ ಕರೆಯುತ್ತಾರಂತೆ. ನಮ್ಮ ಸೀಮೆಯ ಹೆಸರು ಹೊತ್ತಿದೆ, ಆದರೆ ಅದು ನಮ್ಮ ಸೀಮೆಯ ಗಿಡವೇ ಅಲ್ಲ. ನಮ್ಮದು ಕರಿಜಾಲಿ. ನಿವೃತ್ತ ಮೇಷ್ಟ್ರನ್ನು ಕೇಳಿದೆ. ಅವರು ಪುಸ್ತಕ ತೆಗೆದು ಹೇಳಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ.

ಬಳ್ಳಾರಿ ಜಾಲಿಯ ತವರು ಸಮುದ್ರದಾಚೆಯ ಅಮೆರಿಕಾ ಖಂಡ. ಮೆಕ್ಸಿಕೋ, ಅದರ ಕೆಳಗಿನ ದೇಶಗಳು. 1876ರಲ್ಲಿ ಮದ್ರಾಸು ಸರಕಾರದ ಅರಣ್ಯ ಅಧಿಕಾರಿ ಬೆಡ್ಡೋಮ್ ಅನ್ನುವವರು ಇದರ ಬೀಜ ತರಿಸಿಕೊಡಿ ಅಂತ ಬರೆದರು. ಜಮೈಕಾ ದ್ವೀಪದಿಂದ ಬೀಜ ಬಂತು. 1877ರಲ್ಲಿ ಕಡಪಾ ಜಿಲ್ಲೆಯ ಕಮಲಾಪುರದ ಕಡೆ ಬಿತ್ತಿದರು. ಉದ್ದೇಶ ಕೆಟ್ಟದ್ದಲ್ಲ. ಮಳೆ ಇಲ್ಲದ ನೆಲದಲ್ಲಿ ಉರುವಲು ಬೆಳೆಯಬೇಕು ಅಂತ. 1871ಕ್ಕೆ ಮದ್ರಾಸಿನಿಂದ ಬಂದ ರೈಲುದಾರಿ ಗುತ್ತಿ, ಗುಂತಕಲ್ಲು, ಆದೋನಿ ದಾಟಿ ರಾಯಚೂರಿಗೆ ಮುಟ್ಟಿತ್ತು. ಆಗಿನ ಇಂಜಿನ್ನುಗಳಿಗೂ ಕಟ್ಟಿಗೆ ಬೇಕಿತ್ತು, ಬಡವರ ಒಲೆಗೂ ಬೇಕಿತ್ತು.

ಆ ಇಸವಿಗಳನ್ನು ಇನ್ನೊಮ್ಮೆ ನೋಡಿರಿ. 1876, 1877. ಅದೇ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ. ಆಗ ನಮ್ಮ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಳ್ಳಾರಿ, ಕರ್ನೂಲು, ಕಡಪಾ ಜಿಲ್ಲೆಗಳಲ್ಲಿ ಮಂದಿ ದಾರಿಯಲ್ಲೇ ಬಿದ್ದು ಸತ್ತರು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಒಂದು ಆಣೆ ಅಂತ ಟೆಂಪಲ್ ಅನ್ನುವ ದೊರೆ ಕೂಲಿ ಇಳಿಸಿದ್ದ. ಪೌಂಡು ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ. ಅನ್ನ ಇಲ್ಲದ ವರ್ಷದಲ್ಲೇ ಈ ಮುಳ್ಳು ನಮ್ಮ ಕಡೆಯ ನೆಲಕ್ಕೆ ಬಿತ್ತು.

ಹಾಗಾದರೆ ತಪ್ಪೆಲ್ಲ ಸರಕಾರದ್ದೇ ಅನ್ನೋಣವೇ? ನಾನು ಹಾಗೇ ಅನ್ನಲಿಕ್ಕೆ ಹೊರಟಿದ್ದೆ. ಆಮೇಲೆ ಯೋಚನೆ ಮಾಡಿದೆ. ಜಾಲಿ ಕಾಯಿ ಸಿಹಿ. ನಮ್ಮ ಆಡು, ದನ ತಿನ್ನುತ್ತವೆ. ಬೀಜ ಅರಗುವುದಿಲ್ಲ, ಹಿಕ್ಕೆ ಸಗಣಿಯಲ್ಲಿ ಬಿದ್ದು ಅಲ್ಲೇ ಮೊಳೆಯುತ್ತದೆ. ಕಡಿದರೆ ಬುಡದಿಂದ ನಾಲ್ಕು ಕೊಂಬೆ ಬರುತ್ತವೆ. ನಾವು ಒಲೆಗೆ ಕಡಿದೆವು, ಇದ್ದಲು ಸುಟ್ಟು ಮಾರಿದೆವು, ಬೇಲಿ ಒಡ್ಡಿದೆವು. ಮಳೆ ಕೈಕೊಟ್ಟ ಎಷ್ಟೋ ವರ್ಷ ಕೂಲಿಯವರ ಒಲೆ ಉರಿದದ್ದು ಇದರಿಂದಲೇ. ಕೆರೆ ಅಂಗಳ, ಹಳ್ಳದ ದಂಡೆ ತುಂಬಿದ ಮೇಲೆ ಈಗ ಬೈಯುತ್ತಿದ್ದೇವೆ. ತಂದವರು ಅವರು, ಹರಡಿದವರು ನಾವೂ ಹೌದು.

ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ ಎರ್ರಗುಡಿ ಇದೆ, ನಮ್ಮ ಜಿಲ್ಲೆಯೇ. ಅಲ್ಲಿಯ ಗುಡ್ಡದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಸುಮಾರು 2250 ವರ್ಷ ಹಳೆಯವು. ಒಂದು ಶಾಸನದ ಕೆಲವು ಸಾಲು ಎಡದಿಂದ ಬಲಕ್ಕೆ ಹೋಗಿ, ಮುಂದಿನ ಸಾಲು ಬಲದಿಂದ ಎಡಕ್ಕೆ ತಿರುಗುತ್ತದಂತೆ. ನಾವು ಎತ್ತು ಹೂಡಿ ಸಾಲು ತಿರುಗಿಸಿದ ಹಾಗೇ! ಅಲ್ಲಿಯ ಎರಡನೆಯ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆ ಏರ್ಪಡಿಸಿದ ಸಂಗತಿ ಇದೆ. ಔಷಧದ ಗಿಡ, ಬೇರು, ಹಣ್ಣು ಎಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದು, ದಾರಿಯಲ್ಲಿ ಬಾವಿ ತೋಡಿಸಿದ್ದು ಅದರಲ್ಲೇ ಇದೆ. ಹೊರಗಿನಿಂದ ಗಿಡ ತರಿಸುವುದು ಬೆಡ್ಡೋಮ್ ದೊರೆಗಿಂತ ಎರಡು ಸಾವಿರ ವರ್ಷ ಹಳೆಯ ಕೆಲಸ ಅಂದಂತಾಯಿತು. ತಂದ ಗಿಡ ಮುಂದೆ ಏನು ಮಾಡುತ್ತದೆ ಅಂತ ನೋಡಿಕೊಳ್ಳುವುದು ಬೇರೆ ಕೆಲಸ.

ನಾಯಿಗೆ ಕಲ್ಲು ನೆಟ್ಟ ಚರಿತ್ರೆಯೂ ನಮ್ಮ ಕನ್ನಡದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದ್ದು. ಗಂಗ ದೊರೆ ಬೂತುಗನ ಆಳು ಮಣಲೇರ ಯುದ್ಧದಲ್ಲಿ ಗೆದ್ದು ಬಂದಾಗ, ಬೇರೇನೂ ಕೇಳದೆ ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹೇಗೆ ಸತ್ತಿತು ಅಂತ ಅದರ ಮೇಲೇ ಬರೆದಿದೆ. ಸಾವಿರ ವರ್ಷ ಕಳೆದರೂ ಯಾರ ಮೇಲೂ ಸುಮ್ಮನೆ ಗೂಬೆ ಕೂರಿಸುವ ಹಾಗಿಲ್ಲ. ನಾನು ಮೂರು ದಿನ ಕಾಯಲಿಲ್ಲ.

ಮುಳ್ಳನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ನೆರೆಯವನ ಮನೆಗೆ ಹೋದೆ. ಅವನು ದನಕ್ಕೆ ಮೇವು ಹಾಕುತ್ತಿದ್ದ. ಪೆಟ್ಟಿಗೆ ತೆರೆದು ತೋರಿಸಿ, "ಇದು ನನ್ನ ಬೇಲಿದಪ್ಪಾ. ತಪ್ಪಾತು" ಅಂದೆ. ಅವನು ಮುಳ್ಳು ನೋಡಿದ, ನನ್ನನ್ನು ನೋಡಿದ. "ಕಟ್ಟೆ ಮುಂದ ಬೈದಿ, ಮನ್ಯಾಗ ಬಂದು ತಪ್ಪಾತು ಅಂತಿ ಅಲ್ಲ ಮಾವ" ಅಂದ. ಆ ಮಾತೂ ಸರಿ ಇತ್ತು. ಸಂಜೆ ಅದೇ ಕಟ್ಟೆಯ ಮುಂದೆ, ಅದೇ ಮಂದಿ ಇದ್ದಾಗ, ತಪ್ಪು ನನ್ನದು ಅಂತ ಹೇಳಿದೆ. ಬೈಯುವುದಕ್ಕಿಂತ ಅದು ಕಷ್ಟ ಇತ್ತು.

ಈ ಬೇಸಿಗೆಯಲ್ಲಿ ನಾವಿಬ್ಬರೂ ಕೂಡಿ ಎರಡು ಹೊಲದ ನಡುವಿನ ಜಾಲಿ ಬೇರುಸಹಿತ ಕಿತ್ತೆವು. ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ, ಬೇರೇ ಕೀಳಬೇಕು. ಇನ್ನೂ ಹಳ್ಳದ ಕಡೆ ಉಳಿದಿದೆ. ಅವನ ಮಗ ಸೋಮವಾರದ ಭಜನೆಗೆ ಬರುತ್ತಿದ್ದಾನೆ. ಕರಿಯ ಗುಡಿಯ ಮೆಟ್ಟಿಲ ಕೆಳಗೆ ಮಲಗಿರುತ್ತದೆ. ಅದರ ಕೋಳಿಯ ಆಸೆ ಮಾತ್ರ ಇನ್ನೂ ಹೋಗಿಲ್ಲ, ರಾತ್ರಿ ಹೊತ್ತು ಕಟ್ಟಿ ಹಾಕುತ್ತೇನೆ.