ಒಂದು ಅಂಕಿಯ ಇತಿಹಾಸ: ನಮಗೆ .32 ಯಾಕೆ?

1/8
ಯಲಹಂಕದಲ್ಲಿ ಓದೋರಿಗೆ ಬಂದೂಕು ಅನ್ನೋದು ಬರೀ ಸಿನಿಮಾ ವಿಷಯ ಅಲ್ಲ. ಊರಂಚಲ್ಲೇ ಸಿಆರ್‌ಪಿಎಫ್ ಇದೆ, ಬಿಎಸ್‌ಎಫ್ ಇದೆ, ವಾಯುನೆಲೆ ಇದೆ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಬಂದ್ರೆ ಕ್ಲಾಸಲ್ಲಿ ಮೇಷ್ಟ್ರ ಮಾತೇ ಕೇಳಿಸಲ್ಲ.

ಮೊನ್ನೆ ರೂಮಲ್ಲಿ ಗೆಳೆಯನೊಬ್ಬ ಅಮೆರಿಕದ ವಿಡಿಯೋ ನೋಡ್ತಾ ಕೇಳಿದ: "ಮಗಾ, ದಿನಾ ಸೊಂಟದಲ್ಲಿ ಇಟ್ಕೊಂಡು ಓಡಾಡೋಕೆ 9 ಎಂಎಂ ಬೆಸ್ಟಾ, .45 ಬೆಸ್ಟಾ?" ಅರ್ಧ ಗಂಟೆ ಜಗಳ ಆಯ್ತು. ಆಮೇಲೆ ಹುಡುಕಿ ನೋಡಿದ್ರೆ, ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ನಾವು ಹುಟ್ಟೋದಕ್ಕೆ ಮೊದಲೇ ಬರೆದಾಗಿದೆ. ಬರೆದದ್ದು ಶೂಟರ್‌ಗಳಲ್ಲ, ಸರ್ಕಾರ. ಆ ಉತ್ತರ .32. ಅದು ಹೇಗೆ ಬಂತು ಅನ್ನೋದೇ ಈ ಸರಣಿ.

2/8
ಮೊದಲು ಒಂದು ಚಿಕ್ಕ ಪಾಠ. ಕ್ಯಾಲಿಬರ್ ಅಂದ್ರೆ ನಳಿಗೆಯ ಒಳಗಿನ ಅಗಲ. ಇಂಗ್ಲಿಷರು, ಅಮೆರಿಕದವರು ಅಂಗುಲದಲ್ಲಿ ಅಳೆದ್ರು, ಯುರೋಪಿನವರು ಮಿಲಿಮೀಟರ್‌ನಲ್ಲಿ. ಅದಕ್ಕೇ .32 ಅನ್ನೋದಕ್ಕೇ 7.65 ಅಂತ ಇನ್ನೊಂದು ಹೆಸರು. ಲೆಕ್ಕ ಹಾಕಿದ್ರೆ .32 ಅಂಗುಲ ಅಂದ್ರೆ 8.1 ಮಿಲಿಮೀಟರ್ ಆಗ್ಬೇಕು, ಆಗಲ್ಲ. ಗುಂಡಿನ ನಿಜವಾದ ಅಗಲ 7.9ರ ಆಸುಪಾಸು. ಈ ಹೆಸರುಗಳು ಅಳತೆಗಿಂತ ಹೆಚ್ಚಾಗಿ ಬ್ರ್ಯಾಂಡ್ ಇದ್ದ ಹಾಗೆ.

ನಮ್ಮಲ್ಲಿ .32 ಅಂದ್ರೆ ಎರಡು ಬೇರೆ ಬೇರೆ ತೋಟಾ. ರಿವಾಲ್ವರ್‌ಗೆ ಹಾಕೋದು ಸ್ಮಿತ್ ಅಂಡ್ ವೆಸನ್ ಲಾಂಗ್, 1896ರದ್ದು. ಪಿಸ್ತೂಲಿಗೆ ಹಾಕೋದು ಜಾನ್ ಬ್ರೌನಿಂಗ್ ಅನ್ನೋ ಅಮೆರಿಕದವನು ಬೆಲ್ಜಿಯಂನ ಎಫ್‌ಎನ್ ಕಂಪನಿಗೆ ಮಾಡಿಕೊಟ್ಟಿದ್ದು, 1899ರ ಸುಮಾರಿನದ್ದು. ಅಂದ್ರೆ ಇವತ್ತು ಲೈಸೆನ್ಸ್ ಇರೋರು ಅಂಗಡಿಯಲ್ಲಿ ಕೊಳ್ಳೋ ತೋಟಾ ನಮ್ಮ ಮುತ್ತಜ್ಜಂದಿರ ಕಾಲದ ವಿನ್ಯಾಸ.

3/8
ಈಗ ಇತಿಹಾಸ. 1857 ಆದ್ಮೇಲೆ ಬ್ರಿಟಿಷರಿಗೆ ಒಂದೇ ಚಿಂತೆ: ಜನರ ಕೈಯಲ್ಲಿ ಏನಿದೆ? ಆಯುಧ ಕಿತ್ತುಕೊಳ್ಳೋ ಕಾನೂನುಗಳು ಬಂದ್ವು. 1878ರಲ್ಲಿ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ದೇಶಕ್ಕೆಲ್ಲ ಒಂದು ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಅಪವಾದ ಇದೆ, ಕೊಡಗಿನ ಕ್ಲಾಸ್‌ಮೇಟ್ಸ್ ಕಾಲರ್ ಏರಿಸಬಹುದು. 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ (ಹೌದು, ಕಬ್ಬನ್ ಪಾರ್ಕಿನ ಕಬ್ಬನ್ನೇ) ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿನವರಿಗೆ ಅನ್ವಯಿಸಲ್ಲ ಅಂತ ಪ್ರಕಟಣೆ ಹೊರಡಿಸಿದ. ಕಾರಣ, ಅವರು ಬ್ರಿಟಿಷರಿಗೆ ಮಾಡಿದ ಸಹಾಯ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸ್ತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡೀತು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ.

ಗಮನಿಸಿ: ಆಯುಧ ಯಾರ ಹತ್ರ ಇರಬಹುದು ಅನ್ನೋದನ್ನ ಅವತ್ತು ತೀರ್ಮಾನಿಸಿದ್ದು ನಂಬಿಕೆ ಮತ್ತು ಭಯ. ಅಗತ್ಯ ಅಲ್ಲ.

4/8
ಭಯ ಅಂಕಿಗೂ ಹತ್ತಿಕೊಂಡಿತು. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ .450 ಬೋರಿನ ಬೇಟೆ ಕೋವಿಗಳು ಬರೋದನ್ನ ನಿಲ್ಲಿಸ್ತು. ಆನೆ ಹುಲಿ ಮೇಲಿನ ಪ್ರೀತಿಯಿಂದಲ್ಲ! ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ಕೋವಿಗಳೂ ಅದೇ ಬೋರು. ಬೇಟೆಗಾರನಿಗೆ ಅಂತ ಬಂದ ಗುಂಡು ಬಂಡಾಯಗಾರನ ಕೋವಿಗೆ ಹೋದ್ರೆ ಏನ್ ಗತಿ? ಲಂಡನ್ನಿನ ಕೋವಿ ಕಂಪನಿಗಳು ಸುಮ್ನೆ ಕೂರ್ಲಿಲ್ಲ, .465, .470 ಅಂತ ಹೊಸ ಅಂಕಿ ಹುಟ್ಟಿಸಿದ್ವು. ಹುಲಿಗೆ ಯಾವ ವ್ಯತ್ಯಾಸವೂ ಆಗ್ಲಿಲ್ಲ.

ಆದ್ರೆ ಆ ತತ್ವ ಉಳ್ಕೊಳ್ತು: ಸೈನ್ಯ, ಪೊಲೀಸರ ಗುಂಡು ಜನರ ಬಂದೂಕಿಗೆ ಹೊಂದಬಾರದು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಜೊತೆ ಬಂದ ನಿಯಮಗಳಲ್ಲೂ ಅದೇ ತತ್ವ. ರೈಫಲ್‌ನಲ್ಲಿ .303 ಮತ್ತು 7.62, ಕೈಬಂದೂಕಿನಲ್ಲಿ.38, .455 ಮತ್ತು 9 ಎಂಎಂ. ಇವು "ನಿಷೇಧಿತ ಬೋರ್" ಪಟ್ಟಿಗೆ ಹೋದ್ವು. ಅಂದ್ರೆ ನನ್ನ ಗೆಳೆಯನ ಮೊದಲ ಆಯ್ಕೆ 9 ಎಂಎಂ ಅಲ್ಲೇ ಔಟ್.

5/8
ಹಾಗಾದ್ರೆ ಉಳಿದದ್ದು? ಕಾನ್ಪುರದ ಸರ್ಕಾರಿ ಕಾರ್ಖಾನೆ ಕೊಟ್ಟ ಉತ್ತರ ಮಜಾ ಇದೆ. ಬ್ರಿಟಿಷ್ ವೆಬ್ಲಿ ಮಾರ್ಕ್ 4 ಅನ್ನೋ .38 ರಿವಾಲ್ವರ್ ಇತ್ತಲ್ಲ, ಅದರದ್ದೇ ವಿನ್ಯಾಸ ಇಟ್ಕೊಂಡು ಬೋರ್ ಮಾತ್ರ .32 ಮಾಡಿದ್ರು. ಆಕಾರ ಪೊಲೀಸರದ್ದು, ಅಂಕಿ ನಾಗರಿಕರದ್ದು. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನ ವಿದೇಶಿ ಪಿಸ್ತೂಲು ತರಿಸೋದೂ ಹೆಚ್ಚುಕಡಿಮೆ ನಿಂತೋಯ್ತು. .45 ನಿಷೇಧಿತ ಪಟ್ಟಿಯಲ್ಲಿ ಇಲ್ಲದಿದ್ರೂ ಸಿಗೋದು ಹಳೇ ಕಾಲದಲ್ಲಿ ಬಂದ ಒಂದಷ್ಟು, ಅದೂ ಚಿನ್ನದ ಬೆಲೆಗೆ. ಗೆಳೆಯನ ಎರಡನೇ ಆಯ್ಕೆಯೂ ಔಟ್.

2014ರಲ್ಲಿ ಕಾನ್ಪುರದಿಂದಲೇ "ನಿರ್ಭೀಕ್" ಬಂತು. ದೆಹಲಿ ಘಟನೆಯ ನಿರ್ಭಯಾಳ ನೆನಪಲ್ಲಿ ಹೆಸರಿಟ್ಟ, ಹೆಣ್ಮಕ್ಕಳ ರಕ್ಷಣೆಗೆ ಅಂತ ಪ್ರಚಾರ ಮಾಡಿದ ರಿವಾಲ್ವರ್. ತೂಕ 500 ಗ್ರಾಂ, ಬೆಲೆ 1 ಲಕ್ಷ 20 ಸಾವಿರದ ಮೇಲೆ, ಬೋರ್ ಮತ್ತೆ .32. ರಾತ್ರಿ ಹೆಬ್ಬಾಳದಲ್ಲಿ ಬಸ್ ಇಳಿದು ನಡೆಯೋ ನಮ್ಮ ಕ್ಲಾಸಿನ ಹುಡುಗೀರಲ್ಲಿ ಎಷ್ಟು ಜನ ಆ ದುಡ್ಡು ಕೊಡಬಲ್ಲರು? ಅವರಿಗೆ ಬೇಕಾಗಿರೋದು ಬೀದಿದೀಪ, ಟೈಮಿಗೆ ಬರೋ ಬಸ್ಸು.

6/8
"ಅಯ್ಯೋ, .32 ಅಂದ್ರೆ ಆಟಿಕೆ" ಅಂತ ಕಾಮೆಂಟ್ ಹಾಕೋರು ಇದನ್ನ ಓದಿ. 9 ಎಂಎಂ ಗುಂಡಿಗೆ ಹೋಲಿಸಿದ್ರೆ ಇದರ ಶಕ್ತಿ ಅರ್ಧಕ್ಕಿಂತ ಕಮ್ಮಿ, ನಿಜ. ಆದ್ರೆ ಇತಿಹಾಸ ಆ ಲೆಕ್ಕ ನೋಡ್ಲಿಲ್ಲ.

1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಮೇಲೆ ಭಗತ್ ಸಿಂಗ್ ಹಾರಿಸಿದ್ದು .32 ಕೋಲ್ಟ್ ಪಿಸ್ತೂಲು. ಅದು ವರ್ಷಗಟ್ಟಲೆ ಇಂದೋರಿನ ಬಿಎಸ್‌ಎಫ್ ಮ್ಯೂಸಿಯಂನಲ್ಲಿ ಯಾರಿಗೂ ಗೊತ್ತಾಗದೆ ಬಿದ್ದಿತ್ತು. ಈಗ ಪಂಜಾಬಿನ ಹುಸೇನಿವಾಲಾದಲ್ಲಿದೆ.

ಇನ್ನು ನಮ್ಮದೇ ರಾಜ್ಯ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಮನೆ ಬಾಗಿಲಲ್ಲಿ ಗುಂಡು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಅವರ ಮನೆ ಮುಂದೆ ಗುಂಡು. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳ್ತು. ತೋಟಾದ ಹಿತ್ತಾಳೆ ಕೋಶದ ಮೇಲೆ ಪಿನ್ನು ಬಿಡೋ ಗುರುತು, ಗುಂಡಿನ ಮೇಲೆ ನಳಿಗೆ ಬಿಡೋ ಗೀರು, ಇವು ಬೆರಳಚ್ಚಿನ ಹಾಗೆ.

7.65 ಅಂದ್ರೆ .32. ಸರ್ಕಾರ "ಚಿಕ್ಕದು, ಜನರ ಕೈಲಿದ್ರೂ ಪರವಾಗಿಲ್ಲ" ಅಂತ ಬಿಟ್ಟ ಅದೇ ಅಂಕಿ. ಆ ಪಿಸ್ತೂಲಿಗೆ ಲೈಸೆನ್ಸೂ ಇರ್ಲಿಲ್ಲ, ಅಂಗಡಿಯ ಬಿಲ್ಲೂ ಇರ್ಲಿಲ್ಲ. ಅಂಕಿ ಚಿಕ್ಕದು ಮಾಡಿದ್ರೆ ಸಾವು ಚಿಕ್ಕದಾಗಲ್ಲ.

7/8
ಹಾಗಾದ್ರೆ ನಮ್ಮ ವಯಸ್ಸಿನವರಿಗೆ ಇರೋ ನಿಜವಾದ ಆಯ್ಕೆ ಏನು? ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡೋದು ಪೊಲೀಸ್ ಕಮಿಷನರ್. 21 ತುಂಬಿರಬೇಕು, ಯಾಕೆ ಬೇಕು ಅಂತ ಕಾರಣ ಕೊಡಬೇಕು. ಸಿಕ್ಕಿದ್ರೂ ರೀಲ್ಸ್‌ನಲ್ಲಿ ಝಳಪಿಸೋ ಹಾಗಿಲ್ಲ. ಚುನಾವಣೆ ಬಂದ್ರೆ ಠಾಣೆಯಲ್ಲಿ ಠೇವಣಿ ಇಡೋಕೆ ಹೇಳ್ತಾರೆ. 2019ರ ತಿದ್ದುಪಡಿ ಪ್ರಕಾರ ಮದುವೆ, ಮೆರವಣಿಗೆಯಲ್ಲಿ ಅಪಾಯ ಆಗೋ ಹಾಗೆ ಗುಂಡು ಹಾರಿಸಿದ್ರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಆದ್ರೆ ಗುರಿ ಹೊಡೆಯೋ ಆಸೆ ಇದ್ರೆ ಬಾಗಿಲು ತೆರೆದಿದೆ. ಅಲ್ಲಿ ಅಂಕಿ ಇನ್ನೂ ಚಿಕ್ಕದು: 4.5 ಎಂಎಂ ಏರ್ ಪಿಸ್ತೂಲು. ಗುಂಡಿನ ತೂಕ ಅರ್ಧ ಗ್ರಾಂ. 10 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ಅಂಗಿ ಗುಂಡಿಯಷ್ಟು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಿದ್ದು ಇದೇ 4.5ರಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ವಿಶ್ವಕಪ್‌ನಲ್ಲಿ ಕಂಚು ಗೆದ್ದಿದ್ದೂ ಇದರಲ್ಲೇ. ಅದೇ ವರ್ಷ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡೀತು. ಶೂಟರ್‌ಗೆ ಕಣ್ಣು ರೆಪ್ಪೆಯೇ ಬಂಡವಾಳ. ಅವರು ಬಿಡ್ಲಿಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ, 2016ರಲ್ಲಿ ರಿಯೋ ಒಲಿಂಪಿಕ್ಸ್. ಆ ಸ್ಪರ್ಧೆಯ ಬೋರು .22.

ಅಂದಹಾಗೆ, 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ .30ರಿಂದ .38ರವರೆಗೆ ಅವಕಾಶ ಇದ್ರೂ ಬಹಳ ಜನ ಹಿಡಿಯೋದು ಅದೇ ಹಳೇ .32 ಲಾಂಗ್. ಹಿಂದಕ್ಕೆ ಒದೆಯೋದು ಕಮ್ಮಿ, ಕೈ ಅಲುಗಾಡಲ್ಲ. ಶಕ್ತಿ ಕಮ್ಮಿ ಅಂತ ಬೈಸಿಕೊಂಡ ಅಂಕಿ ಇಲ್ಲಿ ಅದೇ ಕಾರಣಕ್ಕೆ ಗೆಲ್ತದೆ.

8/8
ಗೆಳೆಯನಿಗೆ ಇಷ್ಟೆಲ್ಲ ಹೇಳಿದ್ಮೇಲೆ ಅವನು ಕೇಳಿದ್ದು ಒಂದೇ: "ಅಂದ್ರೆ ನಾವು ಏನೂ ಆರಿಸೋ ಹಾಗಿಲ್ವಾ?"

ಆರಿಸಬಹುದು. 1878, 1959 ನಮ್ಮನ್ನ ಕೇಳಿ ಬರ್ಲಿಲ್ಲ, ಆ ಅಂಕಿಗಳನ್ನ ಯಾರೋ ಭಯದಿಂದ ಆರಿಸಿದ್ರು. ಆದ್ರೆ ಬಂದೂಕನ್ನ ಮನುಷ್ಯನ ಎದುರಿಗೆ ಹಿಡಿಯೋ ವಸ್ತು ಅಂತ ನೋಡ್ತೀವಾ, ಕಾಗದದ ಮೇಲಿನ ಕಪ್ಪು ವೃತ್ತದ ಎದುರಿಗೆ ಹಿಡಿಯೋದು ಅಂತ ನೋಡ್ತೀವಾ ಅನ್ನೋದು ನಮ್ಮದೇ ಆಯ್ಕೆ. ನನಗಂತೂ ಧಾರವಾಡ, ಆರ್.ಆರ್. ನಗರದ ಆ ಎರಡು ಬಾಗಿಲು ನೆನಪಾದ್ರೆ 9 ಎಂಎಂ, .45 ಜಗಳ ಮಾಡೋ ಮನಸ್ಸೇ ಬರಲ್ಲ.

ಮುಂದಿನ ಭಾನುವಾರ ಅವನೂ ನಾನೂ ಏರ್ ಪಿಸ್ತೂಲು ಕಲಿಸೋ ಜಾಗ ನೋಡ್ಕೊಂಡು ಬರೋಣ ಅಂತಿದ್ದೀವಿ. ಬರೋರು ಕಾಮೆಂಟಲ್ಲಿ ಹೇಳಿ. ಕೊಡಗಿನವರು ಮನೆಯ ಕೋವಿಯ ಕಥೆ ಇದ್ರೆ ಬರೀರಿ, ಫೋಟೋ ಬೇಡ, ಕಥೆ ಸಾಕು.

#ಅಂಕಿಯಇತಿಹಾಸ #ಯಲಹಂಕ #ಕನ್ನಡದಲ್ಲಿಇತಿಹಾಸ