ನೆಕ್ಕುಹುಣ್ಣಿನ ಚರಿತ್ರೆ

ನಾಯಿಯ ಮುಂಗಾಲಿನ ಮಣಿಕಟ್ಟಿನ ಮೇಲೆ, ಅದು ಮಲಗಿ ತಲೆ ಬಾಗಿಸಿದಾಗ ನಾಲಿಗೆಗೆ ಅನಾಯಾಸವಾಗಿ ಎಟುಕತಕ್ಕ ಸ್ಥಳದಲ್ಲಿ, ಮೊದಲು ರೋಮವು ಜೊಲ್ಲು ಹಿಡಿದು ಕೆಂಗಂದಾಗಿ, ಕ್ರಮೇಣ ತೆಳುವಾಗಿ ಉದುರಿ, ಕಡೆಗೆ ಚರ್ಮವೇ ದಪ್ಪಗಟ್ಟಿ, ನಡುವೆ ಹಸಿಯಾದ ಹುಣ್ಣೊಂದು ಉಳಿದುಬಿಡುತ್ತದೆ; ಇದೇ ನೆಕ್ಕುಹುಣ್ಣು. ಗದರಿದರೆ ಒಂದು ಗಳಿಗೆ ನಿಲ್ಲಿಸಿ, ಕಣ್ಣೆತ್ತಿ ನೋಡಿ, ಗದರಿದವರು ಅತ್ತ ತಿರುಗುವಷ್ಟರಲ್ಲಿ ಮತ್ತೆ ನೆಕ್ಕತೊಡಗುವ ಆ ಪ್ರಾಣಿಯನ್ನು ಹಠಮಾರಿಯೆಂದು ಬಗೆದುದೇ ಬಹುಕಾಲದ ವಾಡಿಕೆ. ಪಶುವೈದ್ಯರಾದರೋ ಅದನ್ನು ಚರ್ಮರೋಗವೆಂದು ಭಾವಿಸಿ, ಪಟ್ಟಿ ಕಟ್ಟಿದರು, ಕೊರಳಿಗೆ ಅಗಲವಾದ ತಡೆ ತೊಡಿಸಿದರು, ಗಂಟನ್ನು ಕೊಯ್ದು ತೆಗೆದರು, ವಿಕಿರಣಕ್ಕೆ ಒಡ್ಡಿದರು, ನಾಗರಹಾವಿನ ವಿಷವನ್ನು ಸಹ ಔಷಧವಾಗಿ ಆ ಹುಣ್ಣಿಗೆ ಚುಚ್ಚಿ ನೋಡಿದರು. ಪಟ್ಟಿ ಬಿಚ್ಚಿದೊಡನೆ ನಾಲಿಗೆಯು ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಈ ಕತೆಯು ಹೊಸ ದಾರಿಗೆ ಹೊರಳಿದುದು ಪಶುವೈದ್ಯಶಾಲೆಯಲ್ಲಲ್ಲ, ವಾಷಿಂಗ್ಟನ್ ನಗರದ ವಾಯವ್ಯಕ್ಕೆ ಅಂಟಿಕೊಂಡಿರುವ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ, ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ. ಅಲ್ಲಿ ಮಕ್ಕಳ ಮನೋವೈದ್ಯೆಯಾದ ಜೂಡಿತ್ ರಾಪೊಪೋರ್ಟ್ ಅವರು ಕೈ ತೊಳೆದಷ್ಟೂ ತೃಪ್ತಿಯಾಗದೆ ಚರ್ಮ ಸುಲಿಯುವವರೆಗೂ ತೊಳೆಯುತ್ತಿದ್ದ ಬಾಲಕ ಬಾಲಕಿಯರನ್ನು ವರ್ಷಗಟ್ಟಲೆ ಪರೀಕ್ಷಿಸಿ, 1989ರಲ್ಲಿ ಆ ಗೀಳಿನ ವಿಚಾರವಾಗಿ ಸಾಮಾನ್ಯರಿಗೂ ತಿಳಿಯುವಂತೆ ಒಂದು ಪುಸ್ತಕವನ್ನು ಪ್ರಕಟಿಸಿದ್ದರು. ಅದೇ ವರ್ಷ ಅವರ ಸಹೋದ್ಯೋಗಿ ಸೂಸನ್ ಸ್ವೀಡೊ ಮತ್ತು ಸಂಗಡಿಗರು ತಮ್ಮ ತಲೆಗೂದಲನ್ನು ತಾವೇ ಕಿತ್ತುಕೊಳ್ಳುವ ಸ್ತ್ರೀಯರಿಗೆ ಕ್ಲೋಮಿಪ್ರಮೀನ್ ಎಂಬ ಔಷಧದಿಂದ ಉಪಶಮನವಾಗುವುದನ್ನು ತೋರಿಸಿದರು. ತೊಳೆಯುವುದು, ಕೀಳುವುದು, ತಿಕ್ಕುವುದು ಇವೆಲ್ಲ ಪ್ರಾಣಿಗಳು ಮೈ ಶುಚಿಮಾಡಿಕೊಳ್ಳುವ ಪ್ರಾಚೀನ ಕ್ರಿಯೆಗಳೇ ಆಗಿದ್ದು, ಮೆದುಳಿನ ಆಳದ ನರಕೋಶಗಳ ಗುಂಪುಗಳು ಅವುಗಳ ಮೇಲಿಟ್ಟ ಹಿಡಿತ ಸಡಿಲಿದಾಗ ತಾವಾಗಿಯೇ ಹೊರಬೀಳುತ್ತವೆಯೆಂಬ ಊಹೆ ನಿಜವಾದಲ್ಲಿ, ಮುಂಗಾಲನ್ನು ನೆಕ್ಕುವ ನಾಯಿಗೂ ಅದೇ ಔಷಧ ಫಲಿಸಬೇಕಷ್ಟೆ!

1991ರಲ್ಲಿ ಸಹಲೇಖಕರಾದ ಗೋಲ್ಡ್‌ಬರ್ಗರ್ ಅವರೊಡನೆ ಪ್ರಕಟಿಸಿದ ಮೊದಲ ಪ್ರಯತ್ನದ ತರುವಾಯ, 1992ರಲ್ಲಿ ರಾಪೊಪೋರ್ಟ್ ಮತ್ತು ಸಂಗಡಿಗರು 42 ನಾಯಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಲೋಕದ ಮುಂದಿಟ್ಟರು. ಅದರ ಕ್ರಮವು ನನ್ನ ಮನಸ್ಸನ್ನು ಈಗಲೂ ಸೆಳೆಯುತ್ತದೆ. ಪ್ರತಿಯೊಂದು ನಾಯಿಗೂ ಒಂದಾದ ಮೇಲೊಂದರಂತೆ ಎರಡು ಮದ್ದು: ಕೆಲವಕ್ಕೆ ಕ್ಲೋಮಿಪ್ರಮೀನ್ ಮತ್ತು ಡೆಸಿಪ್ರಮೀನ್, ಕೆಲವಕ್ಕೆ ಫ್ಲುವಾಕ್ಸೆಟಿನ್ ಮತ್ತು ಫೆನ್‌ಫ್ಲುರಮೀನ್, ಉಳಿದವಕ್ಕೆ ಸರ್ಟ್ರಲೀನ್ ಮತ್ತು ಔಷಧವೇ ಇಲ್ಲದ ಹುಸಿಮಾತ್ರೆ, ಯಾವಾಗ ಯಾವುದೆಂಬುದು ಕೊಡುವವರಿಗೂ ಗೊತ್ತಿಲ್ಲ. ಡೆಸಿಪ್ರಮೀನ್ ಸಹ ಖಿನ್ನತೆಯನ್ನು ನೀಗುವ ಔಷಧವೇ, ಕ್ಲೋಮಿಪ್ರಮೀನಿನ ಹತ್ತಿರದ ಬಂಧುವೇ. ಆದರೆ ಮನುಷ್ಯರ ಗೀಳಿಗೆ ಅದು ಉಪಯೋಗಕ್ಕೆ ಬಾರದೆಂಬುದು ಆಗಲೇ ತಿಳಿದಿತ್ತು. ನಾಯಿಗಳ ವಿಷಯದಲ್ಲಿಯೂ ಹಾಗೆಯೇ ಆಯಿತು. ನರಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮರಳಿ ಹೀರಿಕೊಳ್ಳದಂತೆ ತಡೆಯುವ ಕ್ಲೋಮಿಪ್ರಮೀನ್, ಫ್ಲುವಾಕ್ಸೆಟಿನ್, ಸರ್ಟ್ರಲೀನ್ ಎಂಬ ಮೂರು ಔಷಧಗಳಿಂದ ನೆಕ್ಕುವುದು ಕಡಿಮೆಯಾಯಿತು, ಉಳಿದವುಗಳಿಂದ ಆಗಲಿಲ್ಲ. ಮಾತಿನಿಂದ ಬುದ್ಧಿಹೇಳಿಸಿಕೊಳ್ಳದ, ಮಾತ್ರೆಯ ಮೇಲೆ ಭರವಸೆಯಿಡದ ಪ್ರಾಣಿಯೊಂದು ಹೀಗೆ ಸಾಕ್ಷಿ ನುಡಿದುದರಿಂದ, ಗೀಳು ಕೇವಲ ಮನೋದೌರ್ಬಲ್ಯವೆಂಬ ಮಾತಿನ ಬುಡ ಅಲುಗಿತು. ಗದರಿಕೆಗೆ ಗುರಿಯಾಗುತ್ತಿದ್ದ ನಾಯಿಯ ಸಂಕಟವೂ ಸಂಕಟವೇ ಎಂದು ವೈದ್ಯಶಾಸ್ತ್ರ ಒಪ್ಪಿತು. ಈ ಎರಡನೆಯದನ್ನು ನಾನು ಮೊದಲನೆಯದಕ್ಕಿಂತ ಕಡಿಮೆಯೆಂದು ಎಣಿಸಲಾರೆ.

1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನಾಯಿಗಳಿಗೆ ಕ್ಲೋಮಿಪ್ರಮೀನನ್ನು ಅಂಗೀಕರಿಸಿತಾದರೂ ಅದು ಒಡೆಯನ ಅಗಲಿಕೆಯ ಕಳವಳಕ್ಕೆ ಮಾತ್ರ. ನೆಕ್ಕುಹುಣ್ಣಿಗೆ ಅದನ್ನು ಕೊಡುವುದು ವೈದ್ಯರ ವಿವೇಚನೆಗೆ ಬಿಟ್ಟುದಾಗಿಯೇ ಉಳಿಯಿತು. ಅತ್ತ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಅವರು ಎಚ್ಚರವಾಗಿಯೇ ಇರುವ, ಕಟ್ಟಿಹಾಕದ ನಾಯಿಗಳನ್ನು ಎಂ.ಆರ್.ಐ. ಯಂತ್ರದೊಳಗೆ ನಿಶ್ಚಲವಾಗಿ ಮಲಗಲು ಕಲಿಸಿ, 2012ರಲ್ಲಿ ತಮ್ಮದೇ ನಾಯಿ ಕ್ಯಾಲಿಯೂ ಇದ್ದ ಪ್ರಯೋಗದಲ್ಲಿ ಮೆದುಳಿನ ಕಾಡೇಟ್ ಎಂಬ ಭಾಗವು ತಿನಿಸಿನ ಸನ್ನೆಗೆ ಸ್ಪಂದಿಸುವುದನ್ನು ಕಂಡರು. ನೆಕ್ಕುವ ರೋಗಕ್ಕೂ ಆ ಪ್ರಯೋಗಕ್ಕೂ ನೇರ ಸಂಬಂಧವಿಲ್ಲ. ಆದರೆ ಬೆಥೆಸ್ಡಾದವರು ಗೀಳಿನ ಮೂಲವೆಂದು ಶಂಕಿಸಿದ್ದ ನರಕೋಶಗಳ ಗುಂಪಿನಲ್ಲಿ ಕಾಡೇಟ್ ಕೂಡ ಒಂದು.

ಇಷ್ಟಾದ ಮೇಲೆ ನೆಕ್ಕುವ ನಾಯಿಗಳೆಲ್ಲಕ್ಕೂ ಗೀಳೆಂದು ಹೆಸರಿಡುವ ಚಪಲ ಹುಟ್ಟಿತು; ಮುದಿನಾಯಿಗೆ ಅದರಿಂದ ಅನ್ಯಾಯವೇ ಆಯಿತೆಂದು ನನ್ನ ಅಭಿಪ್ರಾಯ. ಏಕೆಂದರೆ ನಿಜವಾದ ಗೀಳು ಸಾಮಾನ್ಯವಾಗಿ ನಾಯಿಯ ಯೌವನಾರಂಭದಲ್ಲಿಯೇ ತಲೆದೋರುತ್ತದೆ. ಅಮೆರಿಕದ ಆಶ್‌ಬರ್ನ್, ಆಲ್ಫರೆಟಾ, ಕ್ಯಾರಿ ಮುಂತಾದ ಊರುಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿಯೂ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳು ಮಕ್ಕಳೊಡನೆ ಬೆಳೆದು ಮುಪ್ಪಾಗುತ್ತಿವೆ. ಹತ್ತು ವರ್ಷ ಸುಮ್ಮನಿದ್ದ ಅಂಥ ನಾಯಿ ಹನ್ನೊಂದನೆಯ ವರ್ಷದಲ್ಲಿ ಕಾಲನ್ನೋ ನೆಲವನ್ನೋ ನೆಕ್ಕತೊಡಗಿದರೆ, ಮನಸ್ಸನ್ನು ಶಂಕಿಸುವ ಮೊದಲು ದೇಹವನ್ನು ವಿಚಾರಿಸುವುದು ನ್ಯಾಯ. ಸಂಧಿವಾತದಿಂದ ನೋಯುವ ಕೀಲಿನ ಮೇಲಣ ಚರ್ಮವನ್ನು ನಾಯಿ ನೆಕ್ಕುವುದುಂಟು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದಂತೆ, ನೆಲ, ಗೋಡೆ, ಹಾಸುಗಳನ್ನು ಅತಿಯಾಗಿ ನೆಕ್ಕುತ್ತಿದ್ದ 19 ನಾಯಿಗಳಲ್ಲಿ 14ಕ್ಕೆ ಜಠರ ಅಥವಾ ಕರುಳಿನ ವ್ಯಾಧಿಯಿತ್ತು. ಮತ್ತೆ ಕೆಲವಕ್ಕೆ ಮುಪ್ಪಿನ ಬುದ್ಧಿಮಾಂದ್ಯ: ಗುರುತಿನ ಮನೆಯಲ್ಲಿಯೇ ದಾರಿ ತಪ್ಪಿ, ಹಗಲು ಮಲಗಿ ಇರುಳು ಅಲೆದು, ಒಂದೇ ಕೆಲಸವನ್ನು ಕಾರಣವಿಲ್ಲದೆ ಮಾಡುತ್ತಲೇ ಇರುವುದು. ಉತ್ತರ ಕ್ಯಾರೊಲೈನಾದ ರಾಲಿಯಲ್ಲಿರುವ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನಲ್ಲಿ ನಟಾಷಾ ಓಲ್ಬಿ ಅವರ ತಂಡವು ನಾಯಿಗಳ ಈ ಮುಪ್ಪನ್ನೇ, ಅವುಗಳ ನಡಿಗೆ, ದೃಷ್ಟಿ, ಶ್ರವಣ, ಸ್ಮರಣೆಗಳನ್ನು ಅಳೆಯುತ್ತ, ಸ್ವತಂತ್ರವಾದ ಅಧ್ಯಯನ ವಿಷಯವನ್ನಾಗಿ ಮಾಡಿಕೊಂಡಿದೆ.

ಆದುದರಿಂದ ಇಂದು ತಿಳಿದ ವೈದ್ಯರು ಮೊದಲು ಮಣಿಕಟ್ಟನ್ನೂ ಮೊಣಕೈಯನ್ನೂ ಮಡಿಸಿ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಹುಣ್ಣಿನ ಆಳದಿಂದ ತುಣುಕು ತೆಗೆದು ಸೋಂಕನ್ನು ಪರೀಕ್ಷಿಸಿ, ಇದ್ದರೆ ವಾರಗಟ್ಟಲೆ ಪ್ರತಿಜೀವಕ ಕೊಡುತ್ತಾರೆ, ಅಲರ್ಜಿಯನ್ನೂ ಹೊಟ್ಟೆಯನ್ನೂ ವಿಚಾರಿಸುತ್ತಾರೆ, ಇವೆಲ್ಲ ಮುಗಿದರೂ ನಾಲಿಗೆ ನಿಲ್ಲದಿದ್ದರೆ, ಆಗ ಬೆಥೆಸ್ಡಾದ ಪರೀಕ್ಷೆಯಲ್ಲಿ ಗೆದ್ದ ಆ ಮಾತ್ರೆಗಳ ಚೀಟಿಯನ್ನು ಬರೆಯುತ್ತಾರೆ.